ಏಳನೆಯ ಕಲಂ

ಮೊಂತೆವಿದೆಯೊದಿಂದ ಬಂದ ನಮೂನೆ ಮೇಜಿನ ಮೇಲಿದೆ.
ಮಗುವಿಗೊಂದು ಲ್ಯಾಪ್‌ಟಾಪ್ ಕೊಟ್ಟು ಮೂರು ವರ್ಷವಾಯಿತಲ್ಲ,
ಕಲಿಕೆ ಸುಧಾರಿಸಿದೆಯೇ?
ಹೌದು. ಇಲ್ಲ. ಸ್ವಲ್ಪ ಮಟ್ಟಿಗೆ.
ಒಂದಕ್ಕೆ ಮಾತ್ರ ಗುರುತು ಹಾಕಿ.

ನಮ್ಮದು ಎಂಬತ್ತಾರನೆಯ ನಂಬರಿನ ಶಾಲೆ.
ಹನ್ನೊಂದು ಮಕ್ಕಳು, ಆರು ತರಗತಿ, ಒಂದು ಕೋಣೆ, ನಾನೊಬ್ಬಳು.
ರೈಲು ನಿಂತುಹೋದ ಹಳಿಯ ಪಕ್ಕ
ಕಣ್ಣು ಸೋಲುವಷ್ಟು ಹುಲ್ಲು, ಕುರಿ,
ಯಾರ ಅಪ್ಪಣೆಗೂ ಕಾಯದ ಗಾಳಿ.

ಅವು ಬಂದ ದಿನ ಹೇಗಿತ್ತು ಅಂತ ನಮೂನೆ ಕೇಳಿಲ್ಲ.
ಕೇಳಿದ್ದರೆ ಹೇಳುತ್ತಿದ್ದೆ:
ಹಸಿರು ಬಿಳಿ ಡಬ್ಬಿಗಳು ಎರಡೆರಡು ಕಿವಿ ನಿಮಿರಿಸಿ
ಬೆಂಚಿನ ಮೇಲೆ ಮೊಲಗಳ ಹಾಗೆ ಕೂತವು.
ಯಾನೈನಾ ತನ್ನದಕ್ಕೆ ಹೆಸರಿಟ್ಟಳು, ಯಾರಿಗೂ ಹೇಳಲಿಲ್ಲ.
ಪುಟ್ಟ ನೆಸ್ತೋರ್ ಅಂಗಿಯೊಳಗೆ ಸೇರಿಸಿಕೊಂಡು ಕುದುರೆ ಹತ್ತಿದ.
ಆ ವಾರ ಯಾರೂ ಪಾಠ ಕೇಳಲಿಲ್ಲ,
ನಾನೂ ಮಾಡಲಿಲ್ಲ.

ಈಗ ವಿಲ್ಮಾರನ ವಿಷಯ.
ಊರೂರು ತಿರುಗಿ ಕುರಿಯ ಉಣ್ಣೆ ಕತ್ತರಿಸುವವನ ಮಗ.
ಕಾಗದ ಕಂಡರೆ ಆಗುತ್ತಿರಲಿಲ್ಲ.
ಬರೆದು, ಅಳಿಸಿ, ಅಳಿಸಿದ್ದನ್ನೇ ಮತ್ತೆ ಅಳಿಸಿ
ರಬ್ಬರು ತೂತು ಮಾಡಿದಲ್ಲಿ ಕಣ್ಣಿಟ್ಟು
ನನ್ನನ್ನೇ ನೋಡುತ್ತಿದ್ದ.
ಪರದೆಗೆ ತೂತು ಬೀಳುವುದಿಲ್ಲ.
ಎರಡು ಸಾಲು ಬರೆದ. ಆಮೇಲೆ ನಾಲ್ಕು.

ಅಷ್ಟರಲ್ಲಿ ಕೀಲಿಯೊಂದು ಕಿತ್ತುಬಂತು.
ಬೇರೆ ಯಾವುದಾದರೂ ಆಗಬಾರದಿತ್ತೆ?
ಕಿತ್ತುಬಂದದ್ದು ಞ, ನೆತ್ತಿಯ ಮೇಲೆ ಅಲೆ ಹೊತ್ತ ಅಕ್ಷರ.
ಅದಿಲ್ಲದೆ ನಮ್ಮ ನುಡಿಯಲ್ಲಿ ಮಗುವಿಲ್ಲ, ನಾಳೆಯಿಲ್ಲ,
ವರ್ಷವಿಲ್ಲ, ಒಲೆಗೆ ಸೌದೆಯಿಲ್ಲ,
ಮಕ್ಕಳ ಬಿಳಿ ನಿಲುವಂಗಿಗೆ ಕಟ್ಟುವ
ನೀಲಿ ಗಂಟೂ ಇಲ್ಲ.
ಅವನಿಗೆ ಬೇಕಾಗಿದ್ದದ್ದು ಞಂದೂ,
ನಮ್ಮ ಬಯಲಿನ ಹಾರಲಾರದ ಎತ್ತರದ ಹಕ್ಕಿ.

ರಿಪೇರಿಗೆ ಹೋದರೆ ಎರಡು ತಿಂಗಳು. ಕಳಿಸಲು ಒಪ್ಪಲಿಲ್ಲ.
ಎಲ್ಲಿಂದಲೋ ಒಂದು ಞ ಹಿಡಿದು ತಂದು
ಖಾಲಿ ಪುಟದಲ್ಲಿ ಒಂಟಿಯಾಗಿ ಕಟ್ಟಿಹಾಕಿದ, ಕರುವಿನ ಹಾಗೆ.
ಬೇಕಾದಾಗಲೆಲ್ಲ ಅಲ್ಲಿಗೆ ಹೋಗುವುದು,
ನಕಲು ತೆಗೆಯುವುದು, ಹಿಂದೆ ಬಂದು ಅಂಟಿಸುವುದು.
ಒಂದು ಪುಟಕ್ಕೆ ಇಪ್ಪತ್ತೊಂದು ಸಲ.
ನಾನೇ ಎಣಿಸಿದೆ.

ಬರೆದದ್ದು ಇಷ್ಟು:
ಞಂದೂ ಹೆಣ್ಣು ಮೊಟ್ಟೆಯಿಟ್ಟು ಹೊರಟುಹೋಗುತ್ತದೆ.
ಗಂಡು ಞಂದೂ ಕಾವು ಕೂರುತ್ತದೆ.
ಬೇರೆ ಬೇರೆ ಹೆಣ್ಣುಗಳ ಮೊಟ್ಟೆ, ಅದು ಕೇಳುವುದಿಲ್ಲ.
ಸಿಟ್ಟು ಜಾಸ್ತಿ. ಹತ್ತಿರ ಹೋದರೆ ಅಟ್ಟಿಸಿಕೊಂಡು ಬರುತ್ತದೆ.
ಮರಿಗಳ ಮೇಲೆ ಸಿಟ್ಟಿಲ್ಲ.
ಹೀಗೇ ಒಂದು ಪುಟ. ಕೊನೆಗೆ,
ನಾಳೆ ಒಡೆಯಬಹುದು.

ಎಲ್ಲಿಂದ ಎತ್ತಿದೆ ಇದನ್ನ, ಅಂದೆ.
ನಾನು ಹಾಗೆ ಕೇಳಬಾರದಿತ್ತು.
ಬೇಲಿಯಾಚೆಯಿಂದ, ಅಂದ.
ನಕಲು ಮಾಡಿದ್ದು ಆ ಒಂದಕ್ಷರ ಮಾತ್ರ, ಟೀಚರ್.

ಲೆಕ್ಕದಲ್ಲಿ ಅವನು ಹೋದ ವರ್ಷ ಎಲ್ಲಿದ್ದನೋ ಅಲ್ಲೇ.
ಭಾಗಿಸುತ್ತಾನೆ, ಶೇಷ ಮರೆಯುತ್ತಾನೆ.
ಯಾನೈನಾಳ ಯಂತ್ರ ಮಾರ್ಚಿನಲ್ಲೇ ಸತ್ತಿದೆ,
ಆದರೂ ದಿನಾ ಹೊತ್ತು ತರುತ್ತಾಳೆ,
ಬಿಸಿಲಿಗೆ ಇಡುತ್ತಾಳೆ.
ಭಾನುವಾರ ಸಿಗ್ನಲ್ಲಿಗಾಗಿ ಶಾಲೆಯ ಗೋಡೆಗೊರಗಿ
ದೊಡ್ಡ ಹುಡುಗರು ನೋಡುವುದು ಫುಟ್‌ಬಾಲು.
ಪೆನಾಲ್ಟಿ ಹೊಡೆಯುವಾಗ ನಾನೂ ಕಿಟಕಿಯಿಂದ ಬಗ್ಗಿದ್ದೇನೆ.

ಏಳನೆಯ ಕಲಂ ಹಾಗೇ ಬಿಟ್ಟೆ.
ಅಂಚಿನಲ್ಲಿ ಬರೆದೆ: ಸಾಧ್ಯವಾದರೆ ಒಂದು ಕೀಲಿ ಕಳಿಸಿ,
ಯಾವುದೆಂದು ಕೈಯಲ್ಲೇ ಬರೆದು ತೋರಿಸಿದ್ದೇನೆ.

ನಿನ್ನೆ ಶಾಲೆ ಬಿಟ್ಟ ಮೇಲೆ
ಬೇಲಿ ದಾಟಿ ಸ್ವಲ್ಪ ದೂರ ಹೋಗಿದ್ದೆ.
ಒಂದು ಚಪ್ಪಲಿ ಅಲ್ಲೇ ಇದೆ.
ಸಿಟ್ಟು ಜಾಸ್ತಿ ಅನ್ನುವುದು
ನಿಜ.